ನೆಟ್ಟಗೆ ನಿಂತ ಹೊಗೆ

ಹೊಗೆಯಾಟದಲ್ಲಿ ನನ್ನ ನಾದಿನಿ ಫಕೀರವ್ವ ಗೆದ್ದಳು. ಅವಳು ಯಂತ್ರದ ಸಹಾಯದಿಂದ ಆಡಿದಳೆಂದು ಪಂಚರು ಮರುದಿನ ತೀರ್ಪು ಕೊಟ್ಟು, ಗೆದ್ದ ಆಟವನ್ನು ಸೋಲು ಎಂದು ಸಾರಿದರು.

ನಮ್ಮ ಊರಿನ ನಟ್ಟನಡುವೆ ಸುಣ್ಣದ ಭಟ್ಟಿ ಇದೆ. ಅದರ ಈಚೆಗೆ ಕೆಳಸಾಲು, ಆಚೆಗೆ ಮೇಲ್ಸಾಲು. ಕಲ್ಲು ಒಡೆಯುವವರು, ಭಟ್ಟಿಗೆ ಕಲ್ಲು ತುಂಬುವವರು, ಸುಣ್ಣದ ಚೀಲ ಹೊಲಿಯುವ ನನ್ನಂಥವರು ಕೆಳಸಾಲಿನವರು. ಸುಣ್ಣ ಮಾರುವವರು, ನ್ಯಾಯ ಹೇಳುವವರು ಮೇಲ್ಸಾಲಿನವರು. ಭಟ್ಟಿಯ ಹೊಗೆ ಗಾಳಿಯ ಮಾತು ಕೇಳುವುದಿಲ್ಲ. ಗಾಳಿ ಎತ್ತ ಬೀಸಿದರೂ ಅದು ಸೋತ ಸಾಲಿನ ಕಡೆಗೇ ಬಾಗುತ್ತದೆ, ಮುಂದಿನ ಆಟದವರೆಗೂ ಅಲ್ಲೇ ಇರುತ್ತದೆ. ವರ್ಷಕ್ಕೊಮ್ಮೆ ಎರಡು ಸಾಲಿನಿಂದ ಒಬ್ಬೊಬ್ಬರು ತಮ್ಮ ತಮ್ಮ ಮನೆಯಲ್ಲೇ ಫೋನು ಹಿಡಿದು ಕೂತು ಚದುರಂಗ ಆಡುತ್ತಾರೆ. ಆಟದ ದಿನ ಬೆಳಿಗ್ಗೆ ಹೊಗೆ ತಾನಾಗಿಯೇ ನೆಟ್ಟಗಾಗಿ, ಕಂಬದ ಹಾಗೆ ಆಕಾಶಕ್ಕೆ ನಿಲ್ಲುತ್ತದೆ. ಆಟ ಮುಗಿದ ಮೇಲೆ ಸೋತವರು ಭಟ್ಟಿಯ ಬಾಯಿಯ ಮುಂದೆ ನಿಂತು "ಸೋತೆವು" ಅನ್ನಬೇಕು. ಆಗಲೇ ಅದು ಬಾಗುವುದು. ಬರೆದು ಕೊಟ್ಟರೆ ಬಾಗದು, ಮೈಕಿನಲ್ಲಿ ಕೂಗಿಸಿದರೆ ಬಾಗದು. ಆಡಿದವರು ಇಲ್ಲವೇ ಆಡಿದವರ ಮನೆಯ ಹಿರಿಯರು ತಮ್ಮ ಬಾಯಿಂದಲೇ ಹೇಳಬೇಕು.

ನಾನು ಮದುವೆಯಾಗಿ ಬಂದಾಗಿನಿಂದ ಹೊಗೆ ನಮ್ಮದೇ. ಒಗೆದ ಬಟ್ಟೆಯನ್ನು ಮಂಚದ ಕೆಳಗೆ ಒಣಹಾಕುವುದನ್ನು ಕಲಿತೆವು. ನಾದಿದ ಹಿಟ್ಟಿನ ಮೇಲೆ ಒದ್ದೆ ಬಟ್ಟೆ ಹೊದಿಸಿಯೇ ರೊಟ್ಟಿ ಬಡಿಯುವುದನ್ನು ಕಲಿತೆವು. ಬಾಗಿಲ ಹೊರಗೆ ಬಂದು ನಿಂತವರು ಯಾರೆಂದು ಕೆಮ್ಮಿನ ಮೇಲೇ ಗುರುತು ಹಿಡಿಯುತ್ತೇವೆ. ನಮ್ಮ ಸಾಲಿನ ಮದುವೆಗಳೆಲ್ಲ ಆಟದ ದಿನವೇ ಆಗುತ್ತವೆ. ಅಂದು ಒಂದು ದಿನ ಬೀಗರಿಗೆ ನಮ್ಮ ಮುಖ ಕಾಣಿಸುತ್ತದೆ. ಮೇಲ್ಸಾಲಿನವರು ಮಾಳಿಗೆಯ ಮೇಲೆ ಹಪ್ಪಳ ಒಣಹಾಕುತ್ತಾರೆ, ನಾವು ಸುಟ್ಟ ಸುಣ್ಣವನ್ನು ತಮ್ಮ ಗೋಡೆಗೆ ಬಳಿದು ಬೆಳ್ಳಗೆ ಇಟ್ಟುಕೊಳ್ಳುತ್ತಾರೆ.

ನನ್ನ ಗಂಡ ಯಮನೂರಪ್ಪ ಭಟ್ಟಿಗೆ ಕಲ್ಲು ತುಂಬುವ ಕೆಲಸದಲ್ಲಿದ್ದವನು. ಈಗ ಅವನ ಎದೆಯಲ್ಲಿ ಗಾಳಿಗೆ ಜಾಗವಿಲ್ಲ. ಉಸಿರು ಉಳಿಸಿಕೊಳ್ಳಬೇಕಾದರೆ ಮಾತು ಬಿಡು ಎಂದು ಡಾಕ್ಟರು ಹೇಳಿದ ಮೇಲೆ ಬಿಟ್ಟೇಬಿಟ್ಟ. ಹೂಂ ಅನ್ನಬೇಕಾದರೆ ಬೆರಳ ಗೆಣ್ಣಿನಿಂದ ಮಂಚದ ಪಟ್ಟಿಯನ್ನು ಒಂದು ಸಲ ಬಡಿಯುತ್ತಾನೆ, ಊಹೂಂ ಅನ್ನಬೇಕಾದರೆ ಎರಡು ಸಲ. ತಂಗಿ ಫಕೀರವ್ವನಿಗೆ ಚದುರಂಗ ಕಲಿಸಿದವನು ಅವನೇ. ಫಕೀರಿ ಬಳೆ ಮಾರುತ್ತಾಳೆ. ಎರಡೂ ಸಾಲಿನ ಹೆಂಗಸರ ಕೈ ಹಿಡಿಯುವವಳು ಊರಲ್ಲಿ ಅವಳೊಬ್ಬಳೇ. ಬಾಯಿ ಜೋರು, ನಗೆ ಅದಕ್ಕಿಂತ ಜೋರು. ಆಟದಲ್ಲಿ ಎದುರಾಳಿಯ ಆನೆ ಹೊಡೆದರೆ "ಮನಿಗಿ ಹೋಗಿ ಸೊಪ್ಪು ತಿನ್ನು ಹೋಗಪಾ" ಎಂದು ಅದನ್ನು ಬೀಳ್ಕೊಡುತ್ತಾಳೆ.

ಮೇಲ್ಸಾಲಿನ ಪರವಾಗಿ ಪ್ರತಿವರ್ಷ ಆಡುವವನು ನಿರಂಜನ. ಮಹಡಿಯ ಮೇಲಿನ ತನ್ನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಆಡುತ್ತಾನೆ. ಆ ಕೋಣೆಯಲ್ಲಿ ಮೇಜಿನ ಮೇಲೆ ದೊಡ್ಡ ಕಂಪ್ಯೂಟರು ಇದೆ. ಅವನ ಅವ್ವನಿಗೆ ಬಳೆ ತೊಡಿಸಲು ಹೋದಾಗ ಫಕೀರಿಯೇ ನೋಡಿದ್ದಳು. ಅವನು ಎದುರಿಗೆ ಬಿದ್ದ ಪ್ಯಾದೆಯನ್ನು ಹೊಡೆಯಲಿ, ಯಾರೂ ಕನಸಿನಲ್ಲೂ ಕಾಣದ ಜಾಗಕ್ಕೆ ಒಂಟೆಯನ್ನು ನಡೆಸಲಿ, ಎರಡಕ್ಕೂ ಅಷ್ಟೇ ಹೊತ್ತು. ಯೋಚಿಸುವ ಮನುಷ್ಯನಿಗೆ ಕಷ್ಟದ ಕಡೆ ತಡವಾಗುತ್ತದೆ, ಸಸಾರದ ಕಡೆ ಬೇಗ ಆಗುತ್ತದೆ. ಇವನಿಗೆ ಕಷ್ಟವೂ ಇಲ್ಲ, ಸಸಾರವೂ ಇಲ್ಲ; ನಡೆ ಹುಡುಕುವುದು ಆ ಯಂತ್ರ. ಇದನ್ನು ಪಂಚರ ಹಿರಿಯ ಅಡವಯ್ಯನವರ ಮುಂದೆ ಎಷ್ಟು ಸಲ ಹೇಳಿದರೂ ಬಂದ ಉತ್ತರ ಒಂದೇ: "ಕಲ್ತ ಹುಡುಗ, ತೂಕಾಗಿ ಆಡ್ತಾನ. ನಿಮಗ ಹೊಟ್ಟೀಕಿಚ್ಚು."

ನಮ್ಮ ಸಾಲಿಗೂ ಒಂದು ಪದ್ಧತಿ ಇದೆ. ದಾವಲಸಾಬ ಕಾಕಾನ ಚಹಾದಂಗಡಿಯಲ್ಲಿ ಸಂಜೆ ಓದುಕೂಟ ನಡೆಯುತ್ತದೆ. ಓದು ಬಲ್ಲವರು ಗಟ್ಟಿಯಾಗಿ ಓದಬೇಕು. ಕೇಳಿದವರು ಒಪ್ಪಿದರೂ ಒಪ್ಪದಿದ್ದರೂ ಯಾಕೆಂದು ಹೇಳಬೇಕು. ಕಾರಣ ಹೇಳದೆ ಬರೀ ತಲೆಯಾಡಿಸಿದವರಿಗೆ ಅಂದು ಚಹಾ ಇಲ್ಲ. ಅದೇ ಚಾಳಿ ಚದುರಂಗಕ್ಕೂ ಅಂಟಿಕೊಂಡಿತು. ಕೆಳಸಾಲಿನಲ್ಲಿ ಯಾರೇ ಆಡಲಿ, ಒಬ್ಬರೇ ಕೂತು ಆಡುತ್ತಿದ್ದರೂ ಸರಿ, ಕಾರಣವನ್ನು ಬಾಯಿಬಿಟ್ಟು ಹೇಳಿ ಆಮೇಲೆ ಕಾಯಿ ಸರಿಸುತ್ತಾರೆ. ಕಾರಣ ಮೊದಲು, ನಡೆ ಆಮೇಲೆ. ಸುತ್ತ ಕೂತವರು ಕೇಳಿಸಿಕೊಳ್ಳಬಹುದು, ನಡೆ ಬೀಳುವವರೆಗೆ ತುಟಿ ಬಿಚ್ಚುವಂತಿಲ್ಲ.

ಈ ವರ್ಷದ ಆಟಕ್ಕೆ ಮುಂಚೆ ಕೂಟದಲ್ಲಿ ದಾವಲಕಾಕಾ ಓದು ನಿಲ್ಲಿಸಿ ಮಾತು ತೆಗೆದ. ಅವನ ಮೊಮ್ಮಗಳಿಗೆ ಹುಟ್ಟಿದಾಗಿನಿಂದ ಉಬ್ಬಸ.

"ಅವ್ರು ಯಂತ್ರ ಇಟ್ಕೊಂಡಾರ. ನಾವೂ ಒಂದ ಇಟ್ಕೊಳ್ಳೂಣು. ಏನ ತಪ್ಪೈತಿ? ನ್ಯಾಯ ನ್ಯಾಯ ಅಂತ ಕುಂತ್ರ ನಮ್ಮ ಕೂಸಿಗಿ ಉಸುರು ಬರತೈತೇನು?"

ಆ ಕೂಸಿನ ಎದೆಯ ಸಿಳ್ಳು ಅಂಗಡಿಯ ಹಿಂದಿನ ಕೋಣೆಯಿಂದ ಎಲ್ಲರಿಗೂ ಕೇಳಿಸುತ್ತಿತ್ತು. ಕಾಕಾ ಹೇಳಿದ್ದು ತಪ್ಪೆಂದು ನನಗೂ ಅನ್ನಿಸಲಿಲ್ಲ.

ಫಕೀರಿ ಮಾತ್ರ ನಕ್ಕಳು. "ಕಾಕಾ, ಯಂತ್ರ ಆಡಿದ್ರ ಗೆಲ್ಲೂದು ಯಂತ್ರ. ನಾ ಏನ್ ಮಾಡ್ಲಿ, ಅದರ ಮುಂದ ಊದಿನಕಡ್ಡಿ ಹಚ್ಚಿ ಕುಂದರ್ಲೇನು? ಮತ್ತ ಅದು ಕಾರಣಾ ಹೇಳೂದಿಲ್ಲ. ಕಾರಣಾ ಹೇಳದವ್ರಿಗೆ ನಿನ್ನ ಅಂಗಡ್ಯಾಗ ಚಹಾ ಇಲ್ಲಂತ ನೀನ ಅಂದಾಂವ."

"ನಗಬ್ಯಾಡ. ಸೋತ್ರ?"

"ಸೋತ್ರ ನಾನ ಹೋಗಿ ಭಟ್ಟಿ ಮುಂದ ಅಂತೀನಿ. ಹೋದ ವರ್ಷಾ ಅಂದಿಲ್ಲೇನು? ಖರೇನ ಸೋತಾಗ ಅನ್ನಾಕ ನನಗ ನಾಚಿಕಿ ಇಲ್ಲ."

ಕಾಕಾ ಅವಳ ಚಹಾಕ್ಕೆ ಸಕ್ಕರೆ ಕಡಿಮೆ ಹಾಕಿ ಸಿಟ್ಟು ತೀರಿಸಿಕೊಂಡ. ಮಾತು ಅಲ್ಲಿಗೇ ಮುಗಿಯಿತು.

ಆಟದ ದಿನ ನಮ್ಮ ಅಂಗಳದಲ್ಲೇ ಚಾಪೆ ಹಾಸಿದೆವು. ಪಕ್ಕದ ಮನೆಯಲ್ಲಿ ಮದುವೆ, ಅಕ್ಕಿಕಾಳು ಬಿದ್ದ ಮೇಲೆ ಮದುಮಕ್ಕಳೂ ಬಂದು ಕೂತರು. ಯಮನೂರಪ್ಪನ ಮಂಚವನ್ನು ಹೊರಗೆ ತಂದಿದ್ದೆವು. ಹೊಗೆ ನೆಟ್ಟಗೆ ನಿಂತಿತ್ತು. ಫಕೀರಿ ಕಾರಣ ಹೇಳುತ್ತಾ, ಕಾಯಿ ಸರಿಸುತ್ತಾ ಹೋದಳು. ನಿರಂಜನನ ನಡೆಗಳು ಎಂದಿನಂತೆ ಅಷ್ಟಷ್ಟೇ ಹೊತ್ತಿಗೆ ಬಂದು ಬೀಳುತ್ತಿದ್ದವು. ಆಟ ಅರ್ಧಕ್ಕೆ ಬರುವಷ್ಟರಲ್ಲಿ ಅವನ ಕುದುರೆಯೊಂದು ನಮ್ಮ ಮನೆಯೊಳಗೇ ಬಂದು ಕೂತಿತ್ತು. ಅದನ್ನು ಹೊಡೆಯಲೂ ಆಗದು, ದಾಟಲೂ ಆಗದು. "ಇದೊಂದ ಕುದುರಿ, ಅತ್ತಿಗಿ, ನನ್ನ ಗಂಟಲದಾಗ ಮುಳ್ಳು ಸಿಕ್ಕಂಗ ಸಿಕ್ಕೇತಿ" ಎಂದಳು. ಅವಳ ನಗೆ ನಿಂತುಹೋಗಿತ್ತು. ಮದುಮಗಳು ಕಣ್ಣು ಒರೆಸಿಕೊಂಡಳು. ಮರುದಿನದಿಂದ ಅವಳೂ ಈ ಹೊಗೆಯವಳೇ.

ಆಗ ಮೇಲ್ಸಾಲಿನ ಹಿಟ್ಟಿನ ಗಿರಣಿಯ ಸದ್ದು ನಿಂತಿತು. ಆ ಸದ್ದು ಎಷ್ಟು ರೂಢಿಯಾಗಿತ್ತೆಂದರೆ ನಿಂತಾಗಲೇ ಅದು ಇತ್ತೆಂದು ತಿಳಿದದ್ದು. ಮೇಲ್ಸಾಲಿನಲ್ಲಿ ಕರೆಂಟು ಹೋಗಿತ್ತು. ನಮ್ಮಲ್ಲಿ ದಿನಾ ಹೋಗುತ್ತದೆ, ಅದಕ್ಕೇ ಫೋನು ತುಂಬಿಸಿಟ್ಟುಕೊಂಡೇ ಕೂರುತ್ತೇವೆ. ನಿರಂಜನನ ಕೈಯಲ್ಲಿದ್ದ ಫೋನೂ ಬದುಕಿತ್ತು. ಸತ್ತದ್ದು ಮೇಜಿನ ಮೇಲಿನ ಕಂಪ್ಯೂಟರು.

ಫಕೀರಿ ಒಂದು ಪ್ಯಾದೆ ಹೊಡೆದಿದ್ದಳು. ತಿರುಗಿ ಹೊಡೆಯುವುದು ಬಿಟ್ಟು ಅವನಿಗೆ ಬೇರೆ ದಾರಿಯೇ ಇರಲಿಲ್ಲ. ಆಟ ಈಗಷ್ಟೇ ಕಲಿತವರೂ ಹೊಡೆಯುತ್ತಾರೆ. ಆದರೆ ನಡೆ ಬರಲಿಲ್ಲ. ನಾವು ಕಾದೆವು. ಚಪ್ಪರದ ಕೆಳಗೆ ಅನ್ನ ಆರಿತು. ಕೊನೆಗೆ ಹೊಡೆದ. ಮುಂದಿನ ನಡೆಗೆ ಮತ್ತೆ ಅಷ್ಟೇ ತಡ. ಆಮೇಲೆ ಆ ಕುದುರೆಯನ್ನು ಎತ್ತಿ ಹಿಂದಕ್ಕೆ, ತನ್ನ ರಾಜನ ಹತ್ತಿರಕ್ಕೆ ಇಟ್ಟುಕೊಂಡ. ನಮ್ಮ ಕತ್ತಿನ ಮೇಲೆ ತಾನೇ ಇಟ್ಟ ಕಾಲನ್ನು ತಾನೇ ತೆಗೆದ. ಅದು ಅಲ್ಲಿ ಯಾಕೆ ನಿಂತಿತ್ತೆಂದು ಅವನಿಗೆ ಗೊತ್ತಿರಲಿಲ್ಲ. ಇಟ್ಟವನು ಅವನಲ್ಲ.

ಯಮನೂರಪ್ಪನ ಗೆಣ್ಣು ಮಂಚದ ಪಟ್ಟಿಯ ಮೇಲೆ ಏಳುತ್ತಿದ್ದುದನ್ನು ನಾನು ಕೈ ಒತ್ತಿ ಹಿಡಿದೆ. ಸುಳುಹು ಕೊಡುವಂತಿಲ್ಲ.

ಫಕೀರಿಗೆ ಸುಳುಹು ಬೇಕಾಗಿಯೂ ಇರಲಿಲ್ಲ. "ಕುದುರಿ ಹ್ವಾತು. ನನ್ನ ಮಂತ್ರಿಗೆ ಹಾದಿ ಬಿಟ್ಟಿತು. ರಾಜ ಮೂಲ್ಯಾಗ ಕುಂತಾನ, ಅವನ ಮುಂದ ಪ್ಯಾದೆ ಇಲ್ಲ. ಅದಕ್ಕ ಮಂತ್ರಿ ಇಲ್ಲಿ, ಚೆಕ್." ಅಲ್ಲಿಂದ ಮುಂದೆ ಎಲ್ಲವೂ ಚೆಕ್. ರಾಜ ಓಡಿದ, ಇವಳು ಬೆನ್ನಟ್ಟಿದಳು. ಗಿರಣಿ ಮತ್ತೆ ಗುರುಗುಟ್ಟುವ ಮೊದಲೇ ಆಟ ಮುಗಿದಿತ್ತು. ಮದುವೆಯ ಹಲಗೆಯವರನ್ನು ಎಳೆದು ತಂದು ನಮ್ಮ ಅಂಗಳದಲ್ಲಿ ಬಾರಿಸಿದರು. ಭಟ್ಟಿಯ ಮುಂದೆ ಹೋಗಿ ನಿರಂಜನನಿಗಾಗಿ ಕಾದೆವು. ಅವನು ಬರಲಿಲ್ಲ, ಅವನ ಮನೆಯವರೂ ಬರಲಿಲ್ಲ.

ಮರುದಿನ ಅಡವಯ್ಯನವರ ಪಡಸಾಲೆಗೆ ನಮ್ಮನ್ನು ಕರೆಸಿದರು. ಪಂಚರ ಮನೆಯಲ್ಲಿ ಒಂದು ತಪಾಸಣೆ ಯಂತ್ರ ಇದೆ. ಮನುಷ್ಯರ ನಡೆ ಎಷ್ಟರಮಟ್ಟಿಗೆ ಯಂತ್ರದ ನಡೆಯಂತಿದೆ ಎಂದು ಅದು ತೂಗಿ ಹೇಳುತ್ತದೆ.

"ಕಡೀ ನಡಿಗೋಳಾಗ ಒಂದೂ ತಪ್ಪಿಲ್ಲ. ಮನಷ್ಯಾರು ಹಂಗ ಆಡೂದಿಲ್ಲ" ಅಂದರು ಅಡವಯ್ಯ. ಅವರ ದನಿ ಮೆತ್ತಗಿತ್ತು. ಯಾರನ್ನೂ ಗದರಿಸುವ ಅಗತ್ಯ ಅವರಿಗೆ ಎಂದೂ ಬಿದ್ದಿಲ್ಲ.

"ಅವೆಲ್ಲಾ ಚೆಕ್ ಅದಾವ್ರಿ ಯಪ್ಪಾ" ಅಂದಳು ಫಕೀರಿ. "ಇದ್ದದ್ದ ಒಂದ ಹಾದಿ, ಅದರಾಗ ಹ್ವಾದೆ. ತಪ್ಪಾಕ ಜಾಗಾರ ಎಲ್ಲಿತ್ತು? ನಿರಂಜನಪ್ಪನ ನಡೀನೂ ತೂಗೀರೋ ಇಲ್ಲೋ?"

"ತೂಗೇವಿ. ಅಂವನೂ ತಪ್ಪಿಲ್ದಂಗ ಆಡ್ಯಾನ, ಕಡೀಗೆ ಒಂದೀಟು ಬಿಟ್ರ. ಅಂವಾ ಗುರುಗಳ ಕಡೆ ಕಲ್ತಾಂವ. ಅವನಿಗೆ ಬರತೈತಿ. ಬಳಿ ಮಾರಾಕಿ ನೀ. ನಿನಗ ಎಲ್ಲಿಂದ ಬಂತು?"

ನಮ್ಮ ಊರಿನ ನ್ಯಾಯ ಪೂರ್ತಿಯಾಗಿ ಇಷ್ಟೇ. ಅವರು ಯಂತ್ರದಂತೆ ಆಡಿದರೆ ಅದು ವಿದ್ಯೆ. ನಾವು ತಪ್ಪಿಲ್ಲದೆ ಆಡಿದರೆ ಅದು ಕಳವು. ಸರಿಯಾಗಿ ಆಡುವುದಕ್ಕೂ ನಮಗೆ ಅವರ ಅಪ್ಪಣೆ ಬೇಕು.

ಅಡವಯ್ಯ ದಾವಲಕಾಕಾನ ಕಡೆ ತಿರುಗಿದರು. "ನಿನ್ನ ಅಂಗಡ್ಯಾಗ ಯಂತ್ರದ ಮಾತು ಎದ್ದಿತ್ತಂತಲ್ಲೋ, ಖರೇನ?"

ಕಾಕಾ ಸುಳ್ಳು ಹೇಳುವವನಲ್ಲ. "ಎದ್ದಿತ್ರಿ. ಎಬ್ಬಿಸಿದಾಂವ ನಾನ. ಅಕಿ ಬ್ಯಾಡಂದ್ಲು."

"ಎದ್ದಿತ್ತಲ್ಲ, ಸಾಕು."

ನಿರಂಜನ ಕಂಬಕ್ಕೆ ಒರಗಿ ನಿಂತು ಫೋನು ನೋಡುತ್ತಿದ್ದ. ಫಕೀರಿ ಅವನನ್ನೇ ಕೇಳಿದಳು: "ತಮ್ಮಾ, ಅದೊಂದು ಹೇಳು. ಆ ಕುದುರಿ ನನ್ನ ಮನ್ಯಾಗ ತಂದು ಯಾಕ ನಿಲ್ಲಿಸಿದ್ದಿ? ಮತ್ತ ಯಾಕ ಕರಕೊಂಡು ಹ್ವಾದಿ?"

ಅವನು ತಲೆ ಎತ್ತಲಿಲ್ಲ. "ವಿಚಾರಣಿ ನಿಂದವಾ, ಅವಂದಲ್ಲ" ಅಂದರು ಅಡವಯ್ಯ. ಅಲ್ಲಿಗೆ ಪ್ರಶ್ನೆ ಮುಗಿಯಿತು. ಸಂಜೆಯೊಳಗೆ ಎಲ್ಲರ ಫೋನಿನಲ್ಲೂ ಫಕೀರವ್ವನ ಹೆಸರಿನ ಪಕ್ಕ ಕೆಂಪು ಗುರುತು ಬಿತ್ತು: ಮೋಸ ಮಾಡಿದವಳು, ಇನ್ನು ಆಡುವಂತಿಲ್ಲ. ಅಂಥವಳ ಬಾಯಿಗೆ ಭಟ್ಟಿಯ ಮುಂದೆ ಬೆಲೆಯೂ ಇಲ್ಲ, ಆದ್ದರಿಂದ ಮನೆಯ ಹಿರಿಯನೇ ಬಂದು "ಸೋತೆವು" ಅನ್ನಬೇಕು ಎಂದು ಹೇಳಿ ಕಳಿಸಿದರು. ಮನೆಯ ಹಿರಿಯ ಅಂದರೆ ಯಮನೂರಪ್ಪ. ಬುಟ್ಟಿ ಹೊತ್ತು ಮೇಲ್ಸಾಲಿಗೆ ಹೋದ ಫಕೀರಿಗೆ ಅಂದು ಯಾರೂ ಕೈ ಚಾಚಲಿಲ್ಲ.

ನಾವು ಹೋಗಲಿಲ್ಲ. ಹೊಗೆ ನೆಟ್ಟಗೇ ನಿಂತಿತು. ಅಷ್ಟು ಕಾಲ ಅದು ಹಾಗೆ ನಿಂತದ್ದನ್ನು ಯಾರೂ ನೋಡಿರಲಿಲ್ಲ. ನಿಂತು ನಿಂತು ಕಂಬ ದಪ್ಪವಾಯಿತು. ಆಮೇಲೆ ಹೋಗಲು ಜಾಗ ಸಿಗದೆ, ಉಕ್ಕಿದ ಹಾಲಿನ ಹಾಗೆ ಮೇಲಿಂದ ನಾಲ್ಕೂ ಕಡೆ ಇಳಿಯತೊಡಗಿತು. ಮೇಲ್ಸಾಲಿನ ಬಿಳಿ ಗೋಡೆಗಳ ಮೇಲೆ ಕಪ್ಪು ಹರಿಯಿತು. ಮಾಳಿಗೆಯ ಹಪ್ಪಳ ಒಳಗೆ ಹೋದವು. ಅವರಿಗೂ ಕೆಮ್ಮು ಹತ್ತಿತು. ಹೊಸ ಕೆಮ್ಮು, ಎಲ್ಲಿ ನಿಲ್ಲಿಸಬೇಕು, ಎಲ್ಲಿ ಉಸಿರು ಎಳೆದುಕೊಳ್ಳಬೇಕು ಎಂದು ತಿಳಿಯದೆ ಒದ್ದಾಡುವ ಕೆಮ್ಮು. ಕೇಳಿದಾಗ ನನಗೆ ಸಂತೋಷವಾಯಿತು. ಆದರೆ ಇಳಿಯುವ ಹೊಗೆ ಬಾಗುವ ಹೊಗೆಗಿಂತ ಗಟ್ಟಿ. ನಮ್ಮ ಸಾಲಿನಲ್ಲಿ ಒಲೆ ಹಚ್ಚುವುದನ್ನೇ ಬಿಟ್ಟರು. ಯಮನೂರಪ್ಪನ ಉಗುರುಗಳು ನೀಲಿಯಾದವು. ಮಲಗಿದರೆ ಉಸಿರು ಸಿಗದೆಂದು ಗೋಡೆಗೆ ಒರಗಿಸಿ ಕೂರಿಸಿದೆ.

ಮೊದಲು ಬಂದವಳು ನಿರಂಜನನ ಅವ್ವ. ಮೂಗಿಗೆ ಸೆರಗು ಹಿಡಿದು ಹೊಸ್ತಿಲ ಹೊರಗೇ ನಿಂತಳು. "ಒಂದ ಮಾತಲ್ಲೇನ ಹುಲಿಗೆವ್ವಾ. ಅಂದುಬಿಡ್ರಿ, ಮುಗೀತದ. ನಿಮಗ ಹೊಗಿ ರೂಢಿ ಐತಿ. ನಮ್ಮ ಮಂದಿಗೆ ಇಲ್ಲ."

"ನಮಗೂ ಇದ್ದಿದ್ದಿಲ್ರಿ ಅಕ್ಕಾರ. ನೀವು ಮಾಡಿಸಿದ್ರಿ" ಅಂದೆ. "ಒಂದ ಮಾತಾದ್ರ ನಿಮ್ಮ ಮಗಗ ಅನ್ನಾಕ ಹೇಳ್ರಿ. ಅವನ ಎದಿ ಗಟ್ಟಿ ಐತಿ."

ಅವಳು ಹೋದ ಮೇಲೆ ದಾವಲಕಾಕಾ ಬಂದ. ಅವನ ಹೆಗಲ ಮೇಲೆ ಮೊಮ್ಮಗಳು ಬಾಯಿ ತೆರೆದುಕೊಂಡು ಬಿದ್ದಿದ್ದಳು. ಅವನಿಗೆ ಉತ್ತರ ಕೊಡುವುದು ಅಷ್ಟು ಸುಲಭವಾಗಿರಲಿಲ್ಲ.

"ಕಾರಣಾ ಹೇಳ್ತೀನಿ ಕೇಳವಾ" ಅಂದ. "ಈಗಿನ ಹೊಗಿಕ್ಕಿಂತ ಹಿಂದಿನ ಹೊಗೀನ ವಾಸಿ. ಹಿಂದಿಂದ್ರಾಗ ಈ ಕೂಸು ಉಸುರಾಡತಿತ್ತು. ನಾ ಸುಳ್ಳು ಹೇಳ್ರಿ ಅನ್ನಾಕ ಬಂದೇನಿ, ನನಗ ಗೊತ್ತೈತಿ. ಆದ್ರೂ ಬಂದೇನಿ."

ಫಕೀರಿ ಎದ್ದು ಕೂಸಿನ ಬೆನ್ನು ಸವರಿದಳು. ಅವಳ ಮುಖದ ಮೇಲೆ ಬೂದಿ ಕೂತು, ಕಣ್ಣೀರು ಇಳಿದಲ್ಲಿ ಗೆರೆ ಬಿದ್ದಿತ್ತು. "ನಾನ ಹೋಗಿ ಅಂತೀನಿ ಕಾಕಾ. ಅನ್ನಾಕ ಬಂದ್ರ ಅಂತಿದ್ದೆ. ನನ್ನ ಬಾಯಿ ನಡಿಯಂಗಿಲ್ಲಂತಲ್ಲ."

ಕಡೆಗೆ ಅಡವಯ್ಯನವರೇ ಬಂದರು. ಒಳಗೆ ಬಂದು ಯಮನೂರಪ್ಪನ ಎದುರು ಕುರ್ಚಿ ಹಾಕಿಸಿಕೊಂಡು ಕೂತರು. ಮೇಲ್ಸಾಲಿನಲ್ಲಿ ತಮ್ಮದೊಂದು ಕೋಣೆ ಖಾಲಿ ಇದೆ, ಎರಡು ಕಿಟಕಿ, ಎದುರಿಗೆ ಬಯಲು. ಆ ಮಾತು ಅಂದ ಗಳಿಗೆಗೇ ಅವನನ್ನು ಅಲ್ಲಿಗೆ ಕರೆದುಕೊಂಡು ಹೋಗಬಹುದು, ಅಲ್ಲಿಯ ಗಾಳಿ ತಿಳಿಯಾಗಿರುತ್ತದೆ, ಬದುಕಿರುವವರೆಗೂ ಇರಲಿ ಅಂದರು. ಅವನನ್ನು ನೋಡಿ ಹೇಳಿದರೂ ಮಾತು ನನಗೇ ಆಗಿತ್ತು. ಕಿಟಕಿಗಳನ್ನು ನಾನು ಕಣ್ಣ ಮುಂದೆ ಕಂಡೆ. ಆ ಕೋಣೆಯಲ್ಲಿ ಯಮನೂರಪ್ಪ ಮಲಗಿಕೊಂಡು ನಿದ್ದೆ ಮಾಡುತ್ತಿದ್ದುದನ್ನು ಕಂಡೆ. ನಾನು ಬೇಡ ಅನ್ನಲಿಲ್ಲ.

"ನಾಳೆ ಮುಂಜಾನೆ" ಎಂದು ಹೇಳಿ ಎದ್ದರು. ನಾವು ಯಮನೂರಪ್ಪನ ಮುಖ ನೋಡಿದೆವು. ಗೆಣ್ಣು ಮಂಚದ ಪಟ್ಟಿಯನ್ನು ಮುಟ್ಟಲಿಲ್ಲ, ಒಂದು ಸಲವೂ ಇಲ್ಲ, ಎರಡು ಸಲವೂ ಇಲ್ಲ.

ಬೆಳಿಗ್ಗೆ ಅವನನ್ನು ಕುರ್ಚಿಯಲ್ಲಿ ಕೂರಿಸಿ ಭಟ್ಟಿಯ ಬಾಯಿಯ ಮುಂದೆ ಹೊತ್ತು ತಂದರು. ಹೊಗೆ ಎಷ್ಟು ಕೆಳಗೆ ಇಳಿದಿತ್ತೆಂದರೆ ಎತ್ತರದವರು ಬಗ್ಗಿ ನಿಂತಿದ್ದರು. ಎರಡೂ ಸಾಲಿನವರು ಮುಖಕ್ಕೆ ಒದ್ದೆ ಬಟ್ಟೆ ಕಟ್ಟಿಕೊಂಡಿದ್ದರಿಂದ ಯಾರು ಯಾವ ಸಾಲಿನವರೆಂದು ಗೊತ್ತಾಗುತ್ತಿರಲಿಲ್ಲ. ಎಲ್ಲ ಕಡೆಯಿಂದ ಕೆಮ್ಮು, ಕೆಮ್ಮಿನ ನಡುವೆ ಮಕ್ಕಳ ಅಳು.

"ಯಮನೂರಪ್ಪ" ಅಂದರು ಅಡವಯ್ಯ. "ಹೆಚ್ಚಿಗಿ ಬ್ಯಾಡ. ಒಂದ ಶಬ್ದ. ಸೋತೆವು ಅನ್ನು."

"ಅಣ್ಣಾ, ಅಂದುಬಿಡು" ಅಂದಳು ಫಕೀರಿ. ಅವಳು ನನ್ನ ಕೈ ಹಿಡಿದಿದ್ದಳು. "ನನ್ನ ಸಲುವಾಗಿ ಕುಂದರಬ್ಯಾಡ. ನನಗೇನೂ ಅನಸೂದಿಲ್ಲ."

ನಾನೂ ಬಾಗಿ ಅವನ ಕಿವಿಯಲ್ಲಿ ಅಂದೆ, "ಅನ್ನು."

ಅವನು ಕೈ ಎತ್ತಿ ನೀರು ಕೇಳಿದ. ಲೋಟ ಹಿಡಿದೆ. ಒಂದು ಗುಟುಕು ಇಳಿಯಿತು, ಉಳಿದದ್ದು ಗಲ್ಲದ ಮೇಲೆ ಹರಿಯಿತು. ಎರಡೂ ಅಂಗೈ ಕುರ್ಚಿಯ ಕೈಗಳ ಮೇಲೆ ಊರಿ ಬೆನ್ನು ನೆಟ್ಟಗೆ ಮಾಡಿದ. ಅವನ ಎದೆ ಎಲ್ಲಿಂದಲೋ ಗಾಳಿಯನ್ನು ಒಟ್ಟುಮಾಡುತ್ತಿತ್ತು. ಅಷ್ಟು ಗಾಳಿಗೆ ಎಷ್ಟು ಮಾತು ಸಿಗುತ್ತದೆಂದು ನನ್ನಷ್ಟು ಯಾರಿಗೂ ಗೊತ್ತಿಲ್ಲ. ಮುಗಿಯಿತು, ಇನ್ನು ಕಿಟಕಿ, ಬಯಲು ಎಂದುಕೊಂಡೆ.

"ಗೆದ್ದದ್ದು ನಾವು" ಅಂದ.

ನಾನು ಮರೆತೇಬಿಟ್ಟಿದ್ದ ದನಿ. ಕಲ್ಲಿನ ಮೇಲೆ ಕಲ್ಲು ಎಳೆದಂತಿತ್ತು.

ಅಡವಯ್ಯ ಕುರ್ಚಿಯ ಹತ್ತಿರ ಬಾಗಿದರು. "ಏನಂದಿ? ಅದಲ್ಲ. ಸೋತೆವು ಅನ್ನಬೇಕು."

ಫಕೀರಿಯ ಹಿಡಿತ ಬಿಗಿಯಾಯಿತು, ಅವಳ ಬಳೆಗಳು ನನ್ನ ಮಣಿಕಟ್ಟಿಗೆ ಒತ್ತಿದವು. ಆ ಒದ್ದೆ ಬಟ್ಟೆಗಳ ನಡುವೆ ನಮ್ಮ ಸಾಲಿನವರು ಯಾರು ಯಾರೆಂದು ಆಗ ಗೊತ್ತಾಯಿತು. ಅವರು ಕೆಮ್ಮನ್ನೂ ಹಿಡಿದುಕೊಂಡು ನಿಂತಿದ್ದರು. ದಾವಲಕಾಕಾ ಮೊಮ್ಮಗಳನ್ನು ಎದೆಗೆ ಒತ್ತಿಕೊಂಡು ತುಟಿ ಬಿಗಿಹಿಡಿದಿದ್ದ. ಹೇಳಿದ್ದು ಬರೀ ಕಾರಣ. ನಡೆ ಇನ್ನೂ ಬೀಳಬೇಕಿತ್ತು.

ಯಮನೂರಪ್ಪ ಉಳಿದಿದ್ದ ಗಾಳಿಯನ್ನೆಲ್ಲ ಎಳೆದುಕೊಂಡು, ಅಡವಯ್ಯನವರ ಮುಖವನ್ನೇ ನೋಡಿದ.

"ಒಲ್ಲೆ" ಅಂದ.